ಚಿಕ್ಕ ಜೇಬಿನ ಕಂಪ್ಯೂಟರ್

ಹೋದ ವಾರ ಅಲ್ಲಾಳಸಂದ್ರದ ನಮ್ಮ ಮನೆಗೆ ಹೊಸ ಮಿಕ್ಸಿ ಬಂತು. ತಂದವರು ಮಳೆಯಲ್ಲೇ ಗೇಟಿನ ಪಕ್ಕ ಇಟ್ಟು ಹೋಗಿಬಿಟ್ಟಿದ್ದರು. ರಟ್ಟಿನ ಡಬ್ಬಿ ನೆನೆದು ತಳವೆಲ್ಲ ಮೆತ್ತಗಾಗಿತ್ತು. ಎರಡೂ ಕೈ ಅಡಿಗೆ ಕೊಟ್ಟು ಎತ್ತಿಕೊಂಡೆ ನೋಡಿ, ಒದ್ದೆ ರಟ್ಟಿನ ಆ ವಾಸನೆ ಮೂಗಿಗೆ ಹೊಡೆಯಿತು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೇ ಕುಳಿತುಬಿಟ್ಟೆ. ಒಳಗಿನಿಂದ ನಮ್ಮ ಯಜಮಾನರು "ಏನಾಯ್ತೇ? ಬೀಳಿಸಿದ್ಯಾ?" ಅಂತ ಕೂಗಿದರು. "ಏನೂ ಬಿದ್ದಿಲ್ಲ, ಸುಮ್ನಿರ್ರೀ" ಎಂದು ಗದರಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯವರಿಗೆ ಅಭ್ಯಾಸವಾಗಿದೆ. ಆದರೆ ಅವತ್ತು ಬಂದದ್ದು ಕೋಪವಲ್ಲ. ಮೂರು ವರ್ಷದ ಹಿಂದಿನ ಆಗಸ್ಟ್ ತಿಂಗಳ ಒಂದು ಸೋಮವಾರ, ಇಂಥದೇ ಒದ್ದೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ರೇಣುಕಾ ಇದ್ದಳು. ಡಬ್ಬಿಯಲ್ಲಿ ಅವಳ ಕಂಪ್ಯೂಟರ್ ಇತ್ತು.

ಯಲಹಂಕದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರ. ಅಲ್ಲಿ ನಾನು ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಟೈಪಿಂಗ್, ಪತ್ರ, ಪಟ್ಟಿ, ಲೆಕ್ಕದ ಹಾಳೆ, ಇಷ್ಟೇ. ಜೂನ್ ತಿಂಗಳಲ್ಲಿ ಕೆಳಗಿನಿಂದ ಬನ್ನಿನ ವಾಸನೆ, ಕಿಟಕಿಯಿಂದ ಮಳೆಯ ಎರಚಲು, ಮಧ್ಯೆ ಕರೆಂಟು ಹೋಗಿ ಬಂದು ಮಾಡುವ ಆಟ. ಅಂಥ ಒಂದು ಬೆಳಿಗ್ಗೆ ರೇಣುಕಾ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಏಳನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಅವಳ ಕಣ್ಣು ಹೋಗಿತ್ತು. ನನಗಿಂತ ಹತ್ತು ವರ್ಷ ಚಿಕ್ಕವಳು. ಬಾಗಲೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಒಂದು ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಮಾಡುತ್ತಿದ್ದಳು. ವರ್ಷಕ್ಕೊಮ್ಮೆ ಇನ್ನೊಂದು ವರ್ಷಕ್ಕೆ ಅಂತ ಬರೆಸಿಕೊಳ್ಳುವ ಕೆಲಸ ಅದು. ಈಗ ಇನ್ನೊಂದು ಕಚೇರಿಯಲ್ಲಿ ಕಾಯಂ ಕೆಲಸಕ್ಕೆ ಬರವಣಿಗೆಯ ಪರೀಕ್ಷೆ ಪಾಸಾಗಿದ್ದಳು. ಉಳಿದಿದ್ದದ್ದು ಕಂಪ್ಯೂಟರ್ ಪರೀಕ್ಷೆ ಮಾತ್ರ. ತಪ್ಪುಗಳಿರುವ ಒಂದು ಕನ್ನಡ ಪತ್ರವನ್ನು ಕೇಳಿಸಿಕೊಂಡು ತಿದ್ದಬೇಕು, ಒಂದು ಪಟ್ಟಿ ತುಂಬಬೇಕು, ನಲವತ್ತು ನಿಮಿಷ. ಕಣ್ಣು ಕಾಣದವರು ತಮ್ಮದೇ ಕಂಪ್ಯೂಟರ್ ತರಬಹುದು ಎಂದು ಹೇಳಿದ್ದರು.

"ಇದು ಬಿಟ್ರೆ ಇನ್ನಿಲ್ಲ ಮೇಡಂ" ಅಂದಳು. "ಡಿಸೆಂಬರ್‌ಗೆ ವಯಸ್ಸು ಮುಗೀತದೆ. ಆಮೇಲೆ ಯಾವ ಅರ್ಜೀನೂ ಆಕಂಗಿಲ್ಲ." ಬಾಗಲೂರು ಕಡೆಯ ಅವಳ ಮಾತಿನಲ್ಲಿ ಹಕಾರವೇ ಇರುತ್ತಿರಲಿಲ್ಲ. ಅವಳ ಹಳೆಯ ಲ್ಯಾಪ್‌ಟಾಪ್ ಮೇಲೆ ನೀರು ಬಿದ್ದು ಕೆಟ್ಟಿತ್ತು. ಹೊಸದು ಕೊಡಿಸಲು ಅವಳ ಅಣ್ಣ ಒಪ್ಪಿದ್ದ. "ಯಾವ್ದು ತಗೊಳ್ಳೋದು ಅಂತ ನೀವೇ ನೋಡಿ ಏಳಿ ಮೇಡಂ. ನಮ್ಗೇನ್ ಗೊತ್ತಾಗ್ತದೆ?"

ಹೀಗೆ ಯಾರಾದರೂ ನಂಬಿ ಕೇಳಿದರೆ ನನಗೆ ಎಲ್ಲಿಲ್ಲದ ಹುರುಪು. ಆರ್.ಟಿ. ನಗರದಲ್ಲಿ ಮುನಿರಾಜು ಅಂತ ಒಬ್ಬರಿದ್ದಾರೆ, ಬಿಡಿ ಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡುತ್ತಾರೆ. ನಮ್ಮ ಕೇಂದ್ರದವು ಎಲ್ಲ ಅವರ ಕೈಯವೇ. ರೇಣುಕಾಳ ಅಣ್ಣ ಹೇಳಿದ್ದ ಮೊತ್ತದೊಳಗೆ ಎಲ್ಲ ಆಗಬೇಕಿತ್ತು. ನಾನು ಪ್ರೊಸೆಸರ್ ಅಗ್ಗದ್ದು ಸಾಕು, ಉಳಿದದ್ದರಲ್ಲಿ ರ‍್ಯಾಮ್ ಎರಡರಷ್ಟು ಹಾಕಿ ಎಂದೆ. ಮುನಿರಾಜು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು "ಮೇಡಂ, ಇದ್ರಲ್ಲಿ ಕ್ಯಾಶ್ ಮೆಮೊರಿ ತುಂಬಾ ಕಮ್ಮಿ ಇದೆ. ನಾಲ್ಕೇ ಎಂಬಿ. ಒಂದ್ಸಲ ಯೋಚ್ನೆ ಮಾಡಿ" ಅಂದರು. "ಅದು ಕಮ್ಮಿ ಇದ್ರೆ ರ‍್ಯಾಮ್ ಜಾಸ್ತಿ ಇದೆಯಲ್ರೀ, ಸರಿಹೋಗುತ್ತೆ ಬಿಡಿ" ಅಂದೆ. ಅವರು ನನ್ನ ಮುಖ ನೋಡಿ, ಕಿವಿಯ ಪೆನ್ನು ತೆಗೆದು ಬರೆದುಕೊಂಡರು. ಮೇಡಂ ಅಲ್ಲವೇ, ಗೊತ್ತಿರುತ್ತದೆ ಎಂದುಕೊಂಡರೋ ಏನೋ.

ನಗೆಪಾಟಲು ನೋಡಿ, ಕ್ಯಾಶ್ ಮೆಮೊರಿ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಅಷ್ಟೊತ್ತಿಗೆ ಹದಿನೈದು ವರ್ಷದಿಂದ ನಾನೇ ಉತ್ತರ ಬರೆಸುತ್ತಿದ್ದೆ. ಪ್ರೊಸೆಸರ್ ಹಾಗೂ ಮುಖ್ಯ ಮೆಮೊರಿಯಾದ ರ‍್ಯಾಮ್ ನಡುವೆ ಇರುವ, ಚಿಕ್ಕದಾದ, ಅತಿ ವೇಗದ ಮೆಮೊರಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅದು ಯಾಕೆ ಇರಬೇಕು, ಚಿಕ್ಕದಾದರೆ ಯಾರಿಗೆ ಏನು ಕಷ್ಟ ಎಂದು ಒಂದು ದಿನವೂ ಯೋಚಿಸಿದವಳಲ್ಲ.

ಕಂಪ್ಯೂಟರ್ ಬಂತು. ಪರೀಕ್ಷೆಯವರೆಗೆ ಕೇಂದ್ರದಲ್ಲೇ ಇರಲಿ ಎಂದು ಇಟ್ಟುಕೊಂಡೆ. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರ್ ಹಾಕಿದೆ. ಅದರ ಜೊತೆ ಬಂದ ಕನ್ನಡ ದನಿ ಇತ್ತಲ್ಲ, ಅಯ್ಯೋ ದೇವರೇ, ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಅಕ್ಷರ ಅಕ್ಷರಕ್ಕೂ ಕಿವಿಗೆ ಚುಚ್ಚುತ್ತಿತ್ತು. ದಿನಕ್ಕೆ ಎರಡು ಗಂಟೆ ಇದನ್ನು ಕೇಳುವುದು ಹೇಗಪ್ಪಾ ಎಂದು ನನಗೇ ತಲೆನೋವು ಬಂತು. ಹುಡುಕಿ ಹುಡುಕಿ ಹೊಸದೊಂದು ದನಿ ತಂದು ಹಾಕಿದೆ. ರೇಡಿಯೋದಲ್ಲಿ ಮಾತಾಡುವ ಹೆಂಗಸಿನಂತೆ ಮೆದುವಾಗಿ, ಉಸಿರು ತೆಗೆದುಕೊಂಡು, ಒತ್ತಕ್ಷರವನ್ನು ಒತ್ತಿ ಹೇಳುವ ದನಿ. "ನಮಸ್ಕಾರ" ಎಂದು ಅದು ಹೇಳಿದಾಗ ನನಗೇ ಮೈ ಜುಮ್ಮೆಂದಿತು. "ಹೇಗಿದೆ ರೇಣುಕಾ?" ಎಂದು ಕೇಳಿದೆ. ಅವಳು ಒಂದು ಗಳಿಗೆ ತಡೆದು "ಚೆನ್ನಾಗೈತೆ ಮೇಡಂ" ಅಂದಳು. ಆ ತಡೆದದ್ದನ್ನು ನಾನು ಸಂತೋಷ ಎಂದುಕೊಂಡೆ.

ಜುಲೈ ಮುಗಿಯುವ ಹೊತ್ತಿಗೆ ನಾನು ಗಡಿಯಾರ ನೋಡುತ್ತಾ ಕೂರತೊಡಗಿದೆ. ನಲವತ್ತು ನಿಮಿಷದಲ್ಲಿ ಮುಗಿಯಬೇಕಾದ ಪತ್ರ, ಪಟ್ಟಿ ಎರಡೂ ಸೇರಿ ಅವಳಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಪಟ್ಟಿ ತೆರೆದರಂತೂ ಕೇಳಲೇಬೇಡಿ. ಅವಳು ಒಂದು ಅಕ್ಷರ ಒತ್ತುವಳು, ದನಿ ಬರುವುದು ತಡ. ಆಮೇಲೆ ಒಟ್ಟಿಗೆ ಎರಡು ಮೂರು ಅಕ್ಷರ ಹೇಳಿಬಿಡುವುದು. ತಾನು ಒತ್ತಿದ್ದು ಸರಿಯೋ ತಪ್ಪೋ ತಿಳಿಯದೆ ಅವಳು ಅಳಿಸುವಳು, ಅಳಿಸಿದ್ದೂ ತಡವಾಗಿ ಕೇಳುವುದು, ಅಷ್ಟರಲ್ಲಿ ಸರಿ ಇದ್ದದ್ದೂ ಅಳಿಸಿಹೋಗಿರುವುದು. ಬರಬರುತ್ತಾ ಅವಳು ಒಂದೊಂದು ಅಕ್ಷರ ಒತ್ತಿದ ಮೇಲೂ ಬೆರಳನ್ನು ಮೇಲೆತ್ತಿ ಕಾಯುವುದನ್ನು ಕಲಿತಳು. ಕೀಬೋರ್ಡಿನ ಮೇಲೆ ಅರ್ಧ ಅಂಗುಲ ಎತ್ತರದಲ್ಲಿ ಆ ತೋರುಬೆರಳು ನಿಂತಿರುತ್ತಿತ್ತು.

ಕಂಪ್ಯೂಟರಿನ ತಪ್ಪಿರಬಹುದು ಎಂದು ರ‍್ಯಾಮ್ ಇನ್ನೂ ಹೆಚ್ಚಿಸಿದೆ. ಏನೂ ಉಪಯೋಗವಾಗಲಿಲ್ಲ. ಇನ್ನೇನು ಮಾಡಲೂ ತೋಚದೆ ಅವಳ ಮೇಲೇ ಹರಿಹಾಯ್ದೆ. "ಯಾಕಮ್ಮ ಕೈ ತಡೀತಿದೆ? ಮನಸ್ಸಿಟ್ಟು ಅಭ್ಯಾಸ ಮಾಡ್ತಿದೀಯೋ ಇಲ್ವೋ? ಇನ್ನು ಹದಿನೈದು ದಿನ ಇದೆ, ನಿನಗೆ ಭಯ ಅನ್ನೋದೇ ಇಲ್ವಾ?" ಬೇರೆಯವರೆಲ್ಲ ತಿರುಗಿ ನೋಡಿದರು. ರೇಣುಕಾ ತಲೆ ತಗ್ಗಿಸಿ "ಮಾಡ್ತೀನಿ ಮೇಡಂ" ಎಂದಷ್ಟೇ ಅಂದಳು. ಮನೆಗೆ ಹೋಗುವಾಗ ಕೆರೆಯ ಪಕ್ಕ ನಡೆಯುತ್ತಾ ನನಗೇ ನಾಚಿಕೆಯಾಯಿತು. ಭಯವಿದ್ದದ್ದು ನನಗೆ. ಅದನ್ನು ಅವಳ ತಲೆಗೆ ಕಟ್ಟಿದ್ದೆ.

ಪರೀಕ್ಷೆಗೆ ಐದು ದಿನ ಉಳಿದಿದ್ದಾಗ, ಬುಧವಾರ, ಕಂಪ್ಯೂಟರ್ ಎತ್ತಿಕೊಂಡು ಮುನಿರಾಜು ಅಂಗಡಿಗೆ ಹೋದೆ. "ನೀವು ಕೊಟ್ಟಿದ್ದು ಸರಿ ಇಲ್ಲ ಕಣ್ರೀ" ಎಂದು ಬಾಗಿಲಲ್ಲೇ ಜಗಳಕ್ಕೆ ನಿಂತೆ. ಪಾಪ, ಅವರು ಯಂತ್ರವನ್ನು ಹಚ್ಚಿ, ಆ ದನಿಯಿಂದ ನಾಲ್ಕು ಸಾಲು ಓದಿಸಿ, ಗಲ್ಲ ಕೆರೆದುಕೊಂಡರು. ಆಮೇಲೆ ತಮ್ಮ ಅಂಗಿಯ ಜೇಬು ತೋರಿಸಿದರು. ಅದರಲ್ಲಿ ಎರಡು ಸ್ಕ್ರೂಡ್ರೈವರ್ ಇದ್ದವು, ಒಂದು ಚಿಮುಟ.

"ಮೇಡಂ, ಇದು ನಾನು ನಿಮಿಷ ನಿಮಿಷಕ್ಕೂ ಬಳಸೋ ಸಾಮಾನು. ಕೈ ಹಾಕಿದ್ರೆ ಸಿಗುತ್ತೆ. ಮಿಕ್ಕಿದ್ದೆಲ್ಲ ಅಗೋ ಆ ಬೀರುವಿನಲ್ಲಿದೆ. ಏಳ್ಬೇಕು, ಹೋಗ್ಬೇಕು, ತರ್ಬೇಕು. ಪ್ರೊಸೆಸರ್ರೂ ಹಿಂಗೇನೆ. ಕ್ಯಾಶ್ ಅಂದ್ರೆ ಅದರ ಜೇಬು. ರ‍್ಯಾಮ್ ಅಂದ್ರೆ ಬೀರು. ನೀವು ಹಾಕಿರೋ ಈ ದನಿ ಇದೆಯಲ್ಲ, ಒಂದೊಂದು ಅಕ್ಷರ ಹೇಳೋಕೂ ರಾಶಿ ಸಾಮಾನು ಕೇಳುತ್ತೆ. ಜೇಬಲ್ಲಿ ಹಿಡಿಯಲ್ಲ. ಪ್ರತಿ ಸಲ ಬೀರುಗೆ ಓಡುತ್ತೆ, ಬರುತ್ತೆ, ಮತ್ತೆ ಓಡುತ್ತೆ. ನೀವು ಬೀರು ದೊಡ್ಡದು ಮಾಡಿಸ್ತಾನೇ ಇದೀರ. ಓಡೋದು ತಪ್ಪುತ್ತಾ?"

ಎರಡು ಅಂಕದ ಉತ್ತರ ಅವತ್ತು ಅರ್ಥವಾಯಿತು. "ಈಗೇನ್ ಮಾಡೋದು?" ಎಂದೆ. ಇದೇ ಬೋರ್ಡಿಗೆ ಕೂರುವ, ಮೂರರಷ್ಟು ಕ್ಯಾಶ್ ಇರುವ, ಇದಕ್ಕಿಂತ ಚುರುಕಾದ ಪ್ರೊಸೆಸರ್ ಇದೆ ಎಂದರು. ಆದರೆ ಅವರ ಹತ್ತಿರ ಇರಲಿಲ್ಲ. ಅಲ್ಲೇ ನಿಂತು ನಾಲ್ಕು ಕಡೆ ಫೋನ್ ಮಾಡಿದರು. ಎಲ್ಲ ಕಡೆಯೂ ಒಂದೇ ಉತ್ತರ, ಮಂಗಳವಾರ ಬರುತ್ತದೆ. ಪರೀಕ್ಷೆ ಸೋಮವಾರ. ಮುನಿರಾಜು ಮೆಲ್ಲಗೆ "ಜೇಬು ದೊಡ್ಡದಾಗಲ್ಲ ಅಂದ್ರೆ ಸಾಮಾನು ಕಮ್ಮಿ ಮಾಡಿ ಮೇಡಂ. ಸಾಫ್ಟ್‌ವೇರ್ ಜೊತೆಗೇ ಒಂದು ದನಿ ಬಂದಿರುತ್ತಲ್ಲ, ಅದು ಚಿಕ್ಕದು. ಆರಾಮಾಗಿ ಜೇಬಲ್ಲಿ ಕೂರುತ್ತೆ" ಅಂದರು.

ಮಾರನೇ ದಿನ ರೇಣುಕಾಳಿಗೆ ಹೇಗೆ ಹೇಳುವುದೆಂದು ಒದ್ದಾಡಿದೆ. ಒಳ್ಳೆಯದನ್ನು ಕಿತ್ತುಕೊಂಡು ಕೆಟ್ಟದ್ದನ್ನು ಕೊಡುವವಳ ಹಾಗೆ ಸಂಕೋಚದಿಂದ, "ನೋಡಮ್ಮ, ಪರೀಕ್ಷೆ ಮುಗಿಯೋವರೆಗೂ ಆ ತಗಡಿನ ದನಿಯಲ್ಲೇ ಹೇಗೋ ಸುಧಾರಿಸ್ಕೋ" ಅಂದೆ. ಅವಳ ಮುಖ ಅರಳಿತು. ನಿಜವಾಗಿ ಅರಳಿತು, ನಾನು ಕಣ್ಣಾರೆ ನೋಡಿದೆ.

"ನಂಗೆ ಅದೇ ಬೇಕಿತ್ತು ಮೇಡಂ. ಲ್ಯಾಪ್‌ಟಾಪ್‌ನಾಗೂ ಅದೇ ಇತ್ತು. ಅತ್ತು ವರ್ಷದಿಂದ ಅದನ್ನೇ ಕೇಳಿರೋದು."

"ಮತ್ತೆ ಎರಡು ತಿಂಗಳು ಬಾಯಿ ಮುಚ್ಕೊಂಡು ಯಾಕೆ ಕೂತಿದ್ದೆ? ಹೇಳೋಕೇನಾಗಿತ್ತು?"

"ನೀವು ಅಷ್ಟು ಆಸೆಪಟ್ಟು ಉಡುಕಿ ತಂದು ಆಕಿದ್ರಿ. ಯಾರಾದ್ರೂ ಪ್ರೀತಿಯಿಂದ ಸೀರೆ ಕೊಟ್ರೆ ಬಣ್ಣ ಚೆನ್ನಾಗಿಲ್ಲ ಅಂತ ಏಳ್ತಾರಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಂಗೆ ಮಾತಾಡೋ ದನಿ ಬೇಡ ಮೇಡಂ. ಓದೋ ದನಿ ಬೇಕು" ಅಂದಳು.

ಮುಖಕ್ಕೆ ಹೊಡೆದ ಹಾಗಾಯಿತು. ಆ ಚೆಂದದ ದನಿ ಬೇಕಾಗಿದ್ದದ್ದು ನನ್ನ ಕಿವಿಗೆ. ಪಕ್ಕದಲ್ಲಿ ಕುಳಿತು ಕೇಳುವ ನನಗೆ ತಲೆನೋವು ಬರಬಾರದೆಂದು ಅವಳ ಎರಡು ತಿಂಗಳನ್ನು ನಾನು ಹಾಳು ಮಾಡಿದ್ದೆ. ತಪ್ಪಾಯ್ತು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. "ಸರಿ ಸರಿ, ಶುರು ಮಾಡು, ಟೈಮಿಲ್ಲ" ಅಂದೆ.

ಹಳೆಯ ದನಿ ಹಾಕಿದ ಕೂಡಲೇ ಅವಳೇ ಅದರ ವೇಗವನ್ನು ಏರಿಸುತ್ತಾ ಹೋದಳು. ಕೊನೆಗೆ ಅದು ನನಗೆ ಟರ್ರ್ ಎಂದಷ್ಟೇ ಕೇಳುತ್ತಿತ್ತು, ಒಂದು ಪದವೂ ತಿಳಿಯುತ್ತಿರಲಿಲ್ಲ. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಒತ್ತಿದ ತಕ್ಷಣ ಉತ್ತರ. ಎಲ್ಲೂ ತಡವಿಲ್ಲ. ಆದರೂ ಅವಳ ತೋರುಬೆರಳು ಮೇಲೆದ್ದು ಕಾಯುವುದು ನಿಲ್ಲಲಿಲ್ಲ. ಯಂತ್ರ ಕಾಯಿಸುವುದನ್ನು ಬಿಟ್ಟಿತ್ತು, ಬೆರಳು ಕಾಯುವುದನ್ನು ಬಿಟ್ಟಿರಲಿಲ್ಲ. ಗುರುವಾರ ಪತ್ರ, ಪಟ್ಟಿ ಎರಡಕ್ಕೂ ಸೇರಿ ಐವತ್ತೆರಡು ನಿಮಿಷವಾಯಿತು. ಶುಕ್ರವಾರ ನಲವತ್ತೆಂಟು. ಶನಿವಾರ ನಲವತ್ತೈದು. ಭಾನುವಾರ ಕೇಂದ್ರಕ್ಕೆ ರಜೆ, ಬೀಗದ ಕೈ ಇಸಿದುಕೊಂಡು ನಾವಿಬ್ಬರೇ ಕುಳಿತೆವು. ನಲವತ್ಮೂರು. ಅವಳ ಬೆರಳು ಎದ್ದಾಗಲೆಲ್ಲ "ಕಾಯ್ಬೇಡ, ಕಾಯ್ಬೇಡಮ್ಮ" ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಅವಳಿಗೆ ಅದು ತಿಳಿದೇ ಇರಲಿಲ್ಲ, "ಕಾಯ್ತಿದೀನಾ ಮೇಡಂ?" ಎಂದು ಕೇಳುತ್ತಿದ್ದಳು.

ಸೋಮವಾರ ಬೆಳಗಿನಿಂದಲೇ ಜಡಿಮಳೆ. ಕಂಪ್ಯೂಟರ್ ಬಂದಿದ್ದ ಅದೇ ರಟ್ಟಿನ ಡಬ್ಬಿಯಲ್ಲಿ ಅದನ್ನಿಟ್ಟು, ಮೇಲೆ ಪ್ಲಾಸ್ಟಿಕ್ ಸುತ್ತಿ, ಎಂಟಕ್ಕೇ ಆಟೋ ಹತ್ತಿದೆವು. ಪರೀಕ್ಷೆ ಆರ್.ಟಿ. ನಗರದಲ್ಲಿ, ಹತ್ತು ಗಂಟೆಗೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಗಾಡಿಗಳು ಅಂಟಿಕೊಂಡಂತೆ ನಿಂತಿದ್ದವು. ಎಂಟೂ ಮುಕ್ಕಾಲು, ಒಂಬತ್ತು, ಒಂಬತ್ತೂ ಕಾಲು. ಆಟೋದ ಬದಿಯ ಪರದೆಯಿಂದ ನೀರು ಸುರಿದು ಡಬ್ಬಿಯ ತಳ ಒದ್ದೆಯಾಗತೊಡಗಿತು. ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಸೆರಗಿನಿಂದ ಒರೆಸಿದೆ. ಒಳಗೆ ನೀರು ಹೋಗಿದ್ದರೆ? ಹಚ್ಚಿದಾಗ ಆನ್ ಆಗದಿದ್ದರೆ? "ಅಣ್ಣಾ, ಬೇರೆ ದಾರಿ ಇಲ್ವಾ?" ಎಂದು ಆಟೋದವರನ್ನು ಪೀಡಿಸಿದೆ. "ಹಾರ್ಕೊಂಡ್ ಹೋಗ್ಬೇಕಷ್ಟೇ ಮೇಡಂ" ಅಂದರು. ರೇಣುಕಾ ಮಾತ್ರ ತನ್ನ ತೊಡೆಯ ಮೇಲೆ ಬೆರಳಾಡಿಸುತ್ತಾ ಪತ್ರ ಬರೆಯುತ್ತಿದ್ದಳು. ತೊಡೆಯ ಮೇಲೂ ಬೆರಳು ಮಧ್ಯೆ ಮಧ್ಯೆ ಮೇಲೇಳುತ್ತಿತ್ತು.

ಹತ್ತಕ್ಕೆ ಹನ್ನೆರಡು ನಿಮಿಷವಿದ್ದಾಗ ತಲುಪಿದೆವು. ವೈರು ಜೋಡಿಸಿದೆ. ಪುಣ್ಯಕ್ಕೆ ಆನ್ ಆಯಿತು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಕಿಟಕಿಯ ಹತ್ತಿರ ಬೆಂಚಿನ ಮೇಲೆ ಕುಳಿತೆ. ಒಳಗಿನಿಂದ ಟರ್ರ್ ಟರ್ರ್ ಎಂದು ನಮ್ಮ ತಗಡಿನ ದನಿ. ಯಾವತ್ತೂ ಅದು ಅಷ್ಟು ಇಂಪಾಗಿ ಕೇಳಿರಲಿಲ್ಲ. ಎರಡು ನಿಮಿಷವಾಗಿರಬೇಕು, ಥಟ್ಟನೆ ನಿಂತಿತು. ಕೆಟ್ಟಿತೇ? ನೀರು ಇಳಿಯಿತೇ? ಎದ್ದು ಬಾಗಿಲು ತಟ್ಟಲು ಹೋದೆ. ಅಲ್ಲಿದ್ದ ಸಿಬ್ಬಂದಿ ಹೆಂಗಸು "ಏನಿಲ್ಲ ಕೂತ್ಕೊಳ್ಳಿ, ಬೇರೆಯವ್ರಿಗೆ ತೊಂದ್ರೆ ಅಂತ ಕಿವಿಗೆ ಹೆಡ್‌ಫೋನ್ ಹಾಕ್ಸಿದಾರೆ" ಅಂದರು. ಉಳಿದ ಮೂವತ್ತೆಂಟು ನಿಮಿಷ ನನಗೆ ಮಳೆಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಕಣ್ಣು ಮುಚ್ಚಿದರೆ ಮೇಲೆದ್ದು ನಿಂತ ಬೆರಳೊಂದೇ ಕಾಣುತ್ತಿತ್ತು.

ಹೊರಗೆ ಬಂದವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. "ಪಟ್ಟಿ ಪೂರ್ತಿ ಆಯ್ತು ಮೇಡಂ. ಪತ್ರದಾಗೆ ನಾಲ್ಕು ಸಾಲು ಉಳ್ಕೊಂತು." ಆಮೇಲೆ, ನನ್ನನ್ನು ಸಮಾಧಾನ ಮಾಡುವವಳಂತೆ, "ನಾಲ್ಕೇ ಸಾಲು" ಅಂದಳು. ನಾನು ಒದ್ದೆ ಡಬ್ಬಿಗೆ ಕಂಪ್ಯೂಟರ್ ತುಂಬುತ್ತಾ ಲೆಕ್ಕ ಹಾಕುತ್ತಿದ್ದೆ. ನಾಲ್ಕು ಸಾಲು ಎಂದರೆ ಮೂರು ನಿಮಿಷ. ಇನ್ನೊಂದು ವಾರ ಸಿಕ್ಕಿದ್ದರೆ ಸಾಕಿತ್ತು. ನಾನು ತಿಂದದ್ದು ಎಂಟು ವಾರ.

ಮಂಗಳವಾರ ಮುನಿರಾಜು ಫೋನ್ ಮಾಡಿದರು. "ಮೇಡಂ, ಆ ಪ್ರೊಸೆಸರ್ ಬಂದಿದೆ. ಇನ್ನು ಬೇಡ ಅಲ್ವಾ?" ಬೇಕು ಎಂದೆ. ಹಳೆಯದನ್ನು ತೆಗೆಸಿ ಹೊಸದನ್ನು ಕೂರಿಸಿ ರೇಣುಕಾಳ ಮನೆಗೆ ಕಳಿಸಿದೆ. ಯಾಕೆ ಮಾಡಿದೆನೋ ಗೊತ್ತಿಲ್ಲ. ಏನಾದರೂ ಮಾಡದಿದ್ದರೆ ಊಟ ಸೇರುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಆಯ್ಕೆಯಾದವರ ಪಟ್ಟಿ ಬಂತು. ರೇಣುಕಾ ಫೋನ್ ಮಾಡಿದಳು. "ಮೇಲಿಂದ ಕೆಳಗಿನ ತನಕ ಎರಡು ಸಲ ಓದಿಸ್ದೆ ಮೇಡಂ. ನನ್ನ ಎಸರಿಲ್ಲ." ಅವಳೇ ಮುಂದುವರಿಸಿದಳು. "ಪುರುಸೊತ್ತಾದಾಗ ನಮ್ಮನೆ ಕಡೆ ಒಂದ್ಸಲ ಬನ್ನಿ. ಒಂದು ಕೆಲ್ಸ ಐತೆ."

ಮುಂದಿನ ಭಾನುವಾರವೇ ಬಾಗಲೂರು ಬಸ್ಸು ಹತ್ತಿದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ದಾರಿಯುದ್ದಕ್ಕೂ ಬೈಗುಳಕ್ಕೆ ತಯಾರಾಗುತ್ತಾ ಹೋದೆ. ಬೈದರೆ ಒಳ್ಳೆಯದಿತ್ತು. ಅವಳು ಬಾಗಿಲಲ್ಲೇ ನಿಂತು ಕೈ ಹಿಡಿದು ಒಳಗೆ ಕರೆದಳು. ಕಾಫಿ ಕೊಟ್ಟಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ಕಂಪ್ಯೂಟರ್ ಇತ್ತು, ಮೇಲೆ ಕಸೂತಿ ಹಾಕಿದ ಬಟ್ಟೆ.

"ಆ ಚೆನ್ನಾಗಿರೋ ದನಿ ಇತ್ತಲ್ಲ ಮೇಡಂ, ಅದನ್ನ ವಾಪಸ್ ಆಕ್ಕೊಡಿ. ಕತೆ ಪುಸ್ತಕ ಕೇಳಾಣ ಅಂತ. ಈಗೇನ್ ಅವಸರ? ನಿಧಾನಕ್ಕೆ ಓದಿದ್ರೂ ಆಗ್ತದೆ."

ಅವಳ ಮಾತಿನಲ್ಲಿ ಒಂದು ಮುಳ್ಳೂ ಇರಲಿಲ್ಲ. ಅದನ್ನೇ ತಡೆಯಲಾಗಲಿಲ್ಲ. ಪೆನ್‌ಡ್ರೈವ್ ಹಚ್ಚಿ ದನಿಯನ್ನು ಹಾಕಿದೆ. ರೇಣುಕಾ ಕುರ್ಚಿ ಎಳೆದುಕೊಂಡು ಕುಳಿತು ಒಂದು ಅಕ್ಷರ ಒತ್ತಿದಳು. ತೋರುಬೆರಳು ಮೇಲೆದ್ದಿತು. ಅದು ಪೂರ್ತಿ ಏಳುವ ಮೊದಲೇ ಆ ಮೆದುವಾದ ದನಿ ಅಕ್ಷರವನ್ನು ಹೇಳಿ ಮುಗಿಸಿತ್ತು. ಇನ್ನೊಂದು ಒತ್ತಿದಳು. ಅದೂ ಹಾಗೇ. ಬೆರಳು ಗಾಳಿಯಲ್ಲಿ ಏನು ಮಾಡುವುದೆಂದು ತಿಳಿಯದೆ ನಿಂತು, ಮೆಲ್ಲಗೆ ಕೆಳಗಿಳಿಯಿತು.

"ಈಗ ನೋಡಿ, ಕಾಯಿಸಾದೇ ಇಲ್ಲ" ಅಂದಳು.

"ತಪ್ಪಾಯ್ತು ರೇಣುಕಾ" ಎನ್ನಲು ಹೋದೆ, ಅಷ್ಟರಲ್ಲಿ ಅಳು ಬಂತು. ಕೈಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ಬಗ್ಗಿಸಿ ಸೆರಗಿನ ತುದಿ ಕಚ್ಚಿಕೊಂಡೆ. ಒಂದು ಚೂರೂ ಸದ್ದು ಮಾಡಿರಲಿಲ್ಲ ಎಂದೇ ಅಂದುಕೊಂಡಿದ್ದೆ. ಅವಳು ಕೀಬೋರ್ಡಿನಿಂದ ಕೈ ತೆಗೆದು, ಮೇಜಿನ ಮೇಲೆ ತಡವಿ, ನನ್ನ ಲೋಟವನ್ನು ನನ್ನ ಕಡೆಗೆ ಸರಿಸಿದಳು.

"ಅಳ್ಬೇಡಿ ಮೇಡಂ. ಕಾಪಿ ಆರೋಗ್ತದೆ."